ನಮ್ಮ ಜಗಳ ನಿಲ್ಲಿಸಿದವನು

ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಗಾಂಧಿ ಚೌಕದಲ್ಲಿ ವಿಜಕ್ಕ ಹ್ಯಾಂಗೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೂ ಸೋನಾಬಾಯಿಯದೂ ಸೇರಿ ಒಂದು ಖಡಕ್ ರೊಟ್ಟಿಯ ಅಂಗಡಿ ಇದೆ. ರೊಟ್ಟಿ ಅವಳದು, ಹಿಂಡಿ ಅಂದರೆ ಚಟ್ನಿಪುಡಿ ನನ್ನದು. ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿ ಕುಟ್ಟಿ ನನ್ನ ನಾಲಿಗೆಗೂ ಖಾರ ಹತ್ತಿದೆ ಎಂದು ನನ್ನ ಗಂಡ ಶಿವಯೋಗೆಪ್ಪ ಬಂದವರೆದುರು ನಗುತ್ತಾರೆ. ನಗಲಿ. ಊಟಕ್ಕೆ ಕೂತಾಗ ಅದೇ ಹಿಂಡಿ ಬೇಕು ಅವರಿಗೆ.

ಸೋನಾಬಾಯಿ ತಿಕೋಟಾದವಳು. ದಿನಾ ಮೊದಲ ಬಸ್ಸಿಗೆ ಬಂದು ಒಲೆ ಹೊತ್ತಿಸುತ್ತಾಳೆ. ನಾನು ಬರುವಷ್ಟರಲ್ಲಿ ಪರಾತದ ತುಂಬ ಹಿಟ್ಟು ನಾದಿಟ್ಟಿರುತ್ತಾಳೆ. ಬಂದ ಕೂಡಲೇ ನಮ್ಮ ಜಗಳ ಶುರು. ಒಲೆಯ ಉರಿ ಹೆಚ್ಚಾಯಿತು, ಹಿಟ್ಟಿಗೆ ನೀರು ಕಾಯಲಿಲ್ಲ, ಹಿಂಡಿಗೆ ಬೆಳ್ಳುಳ್ಳಿ ಸುರಿದು ಕೆಡಿಸಿದೆ, ಯಾವುದಾದರೂ ಒಂದಕ್ಕೆ ಹತ್ತಿಕೊಳ್ಳುತ್ತದೆ. ಅವಳ ಬಾಯೇನೂ ನನ್ನದಕ್ಕಿಂತ ಸಣ್ಣದಲ್ಲ. ಇಬ್ಬರೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ ಮುಗಿಸುವ ಹೊತ್ತಿಗೆ ಮೂಲೆಯ ಚಹಾದಂಗಡಿಯ ಕುತುಬುದ್ದೀನ ಚಹಾ ತಂದಿಡುತ್ತಾನೆ. ನಾನು ಬಸಿಯಲ್ಲಿ, ಅವಳು ಕಪ್ಪಿನಲ್ಲಿ, ಒಂದೇ ಚಹಾ ಕುಡಿದು ಕೆಲಸಕ್ಕೆ ಹತ್ತುತ್ತೇವೆ. ವರ್ಷಗಟ್ಟಲೆ ಹೀಗೇ ನಡೆದಿದೆ.

ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಗಿರಾಕಿ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೇಳಿದ. ಗೋಡೆಯ ಮೇಲೆ ನನ್ನ ಬಸವಣ್ಣನ ಪಕ್ಕದಲ್ಲಿ ಅವಳ ಬುದ್ಧನ ಫೋಟೋ ಇದೆ. ಅದನ್ನು ನೋಡಿದ, ಸೋನಾಬಾಯಿಯನ್ನು ನೋಡಿದ, ಕೈಯಲ್ಲಿದ್ದ ರೊಟ್ಟಿಯ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಅವನಿಗೆ ನಾನು ಬೈದದ್ದು ಚೌಕದ ತನಕ ಕೇಳಿತಂತೆ. ಮರುವಾರ ಹೊಸ ಬೋರ್ಡು ಬರೆಸಿದೆ. ಅದರಲ್ಲಿ ಅವಳ ಹೆಸರು ಮೊದಲು, ನನ್ನದು ಆಮೇಲೆ. ಅಕ್ಷರ ಡೊಂಕಾಗಿವೆ ಎಂದು ಆವತ್ತೂ ಜಗಳವಾಡಿದೆವು.

ಎದುರಿನ ಬಾಂಡೆ-ಪಾತ್ರೆಯ ಅಂಗಡಿಯನ್ನು ಸಂಗನಬಸವ ಹಿಡಿದದ್ದು ಹೋದ ಬೇಸಿಗೆಯಲ್ಲಿ. ಬಬಲೇಶ್ವರದ ಒಳ್ಳೆಯ ವ್ಯಾಪಾರಸ್ಥರ ಮನೆಯ ಹುಡುಗ, ಮೂವತ್ತೈದರ ಆಸುಪಾಸು, ನೋಡಲು ಚೆಲುವ. ಬಂದ ವಾರದೊಳಗೆ ಗಲ್ಲಿಯ ಎಲ್ಲರ ಹೆಸರು, ಮಕ್ಕಳ ಹೆಸರು, ಯಾರ ಮೊಣಕಾಲು ನೋಯುತ್ತದೆ ಎನ್ನುವುದೂ ಅವನ ಬಾಯಲ್ಲಿತ್ತು. ನನಗೆ "ಅಕ್ಕಾರ" ಎಂದರೆ ಸ್ವಂತ ತಮ್ಮ ಕರೆದ ಹಾಗೆ. ನಾನೂ ಮೇಣದಂತೆ ಕರಗಿದೆ, ಸುಳ್ಳು ಯಾಕೆ ಹೇಳಲಿ. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಒಂದು ಮಧ್ಯಾಹ್ನ ಅವನಿಗೆ ನಮ್ಮವ್ವನ ಕೊನೆಯ ದಿನಗಳ ಕತೆ ಹೇಳಿದೆ. ಅವ್ವ ಆಗ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಆದರೆ ಮಲಗಿದಲ್ಲೇ ಹೊದ್ದ ಕೌದಿಯ ಮೇಲೆ ಅಂಗೈ ತಟ್ಟುತ್ತ ರೊಟ್ಟಿ ಬಡಿಯುತ್ತಿದ್ದಳು, ಎಲ್ಲರದೂ ಊಟ ಆಯಿತೇ ಎಂದು ಕೇಳುತ್ತಿದ್ದಳು. ಹೇಳುತ್ತ ನನ್ನ ಕಣ್ಣು ತುಂಬಿತು. ಸಂಗನಬಸವ ತಲೆ ತುಸು ಓರೆ ಮಾಡಿ ನನ್ನ ಮುಖವನ್ನೇ ನೋಡುತ್ತಿದ್ದ. ಕೆಲವು ದಿನಗಳಾದ ಮೇಲೆ ಅವನ ಅಂಗಡಿಗೆ ಮಗಳ ಮದುವೆಗೆ ಬಾಂಡೆ ಕೊಳ್ಳಲು ಒಬ್ಬಾಕೆ ಬಂದಿದ್ದಳು. ಅವಳಿಗೆ ಅವನು ತನ್ನ ತಾಯಿ ಸಾಯುವಾಗ ಕೌದಿಯ ಮೇಲೆ ರೊಟ್ಟಿ ಬಡಿದ ಕತೆ ಹೇಳುತ್ತಿದ್ದ. ಕಣ್ಣಲ್ಲಿ ನೀರಿತ್ತು. ಅವನ ತಾಯಿ ಬಬಲೇಶ್ವರದಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಹಬ್ಬಕ್ಕೆ ನನಗೆ ಉಂಡಿ ಕಳಿಸಿದ್ದಳು!

ನಾನು ಏನು ಮಾಡಿದೆ? ವ್ಯಾಪಾರಿ ಮಾತು, ಗಿರಾಕಿಯನ್ನು ಹಿಡಿಯಬೇಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇನ್ನೊಂದು ಸಲ ಕುತುಬುದ್ದೀನನ ಪಾದದ ಮೇಲೆ ಕುದಿಯುವ ಚಹಾದ ಪಾತ್ರೆ ಬಿತ್ತು. ಎಲ್ಲರೂ ಓಡಿದೆವು. ಎಲ್ಲರಿಗಿಂತ ಹತ್ತಿರವಿದ್ದ ಸಂಗನಬಸವ ಕೈಕಟ್ಟಿ ನಿಂತು, ಅದೇ ಓರೆ ತಲೆಯಲ್ಲಿ, ಆ ಪಾದ ಕೆಂಪಾಗುವುದನ್ನು ಟಿವಿ ನೋಡಿದಂತೆ ನೋಡುತ್ತಿದ್ದ. ನಾನು ನೋಡುತ್ತಿರುವುದು ಅವನಿಗೆ ಕಂಡ ಕೂಡಲೇ ಮುಖದ ಮೇಲೆ ಅಯ್ಯೋ ಅನ್ನುವ ಭಾವ ಬಂತು. ಆಮೇಲೆ ಅವನೇ ಕುತುಬುದ್ದೀನನನ್ನು ಬೈಕಿನ ಮೇಲೆ ಕೂರಿಸಿಕೊಂಡು ದವಾಖಾನೆಗೆ ಹೋದ. ಗಲ್ಲಿಯೆಲ್ಲ ಕೊಂಡಾಡಿತು, ನಾನೂ ಕೊಂಡಾಡಿದೆ.

ಶೀಗಿ ಹುಣ್ಣಿಮೆ ಮುಗಿದ ಮೇಲೆ ಒಂದು ದಿನ ಸೋನಾಬಾಯಿ ಬಸ್ಸಿಗೆ ಹೊರಟುಹೋದ ಹೊತ್ತು ನೋಡಿ ಅವನು ನನ್ನ ಹತ್ತಿರ ಬಂದು ಕೂತ.

"ಅಕ್ಕಾರ, ಒಂದ ಮಾತ ಹೇಳ್ತೀನಿ. ಸೋನಾಬಾಯಿಗೆ ಮಾತ್ರ ಹೇಳಬ್ಯಾಡ್ರಿ."

"ಏನ ತಮ್ಮಾ?"

"ನಿಮ್ಮ ಬಗ್ಗೆ ನನಗ ಕೆಟ್ಟ ಅನಿಸ್ತೈತ್ರಿ, ಅದಕ್ಕ ಹೇಳಾಕತ್ತೀನಿ. ಬೋರ್ಡಿನ ಮ್ಯಾಲ ನನ್ನ ಹೆಸರ ಮೊದಲ ಹಾಕ್ಯಾಳಂದ್ರ ತನ್ನ ದೊಡ್ಡಸ್ತನ ಮಂದಿಗೆ ತೋರಸಾಕ, ಅಂದ್ಲರಿ ಸೋನಾಬಾಯಿ. ಎಳ್ಳ ಅಮಾಸಿಗೆ ಹೊಲಕ್ಕ ಕರದ ಉಣಸೋದೂ ಹಂಗ ಅಂತ. ಇಷ್ಟ ವರ್ಷ ಬಾಯಿ ಮುಚ್ಚಿಕೊಂಡ ಹೋಗೀನಿ, ಸಾಕಾಗೇತಿ ಅಂದ್ಲು."

ಎದ್ದು ಸೆರಗು ಸಿಕ್ಕಿಸಿದೆ. ಬಸ್ ಸ್ಟ್ಯಾಂಡಿನ ತನಕ ಓಡಿಹೋಗಿ ಅವಳ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂದಿತ್ತು. ಸಂಗನಬಸವ ಎರಡೂ ಕೈ ಮುಗಿದ.

"ಬ್ಯಾಡ್ರಿ ಅಕ್ಕಾರ. ಎಲ್ಲಾರೂ ನಿಮ್ಮನ್ನ ಜಗಳಗಂಟಿ ಅಂತಾರ. ನೀವು ಹಂಗ ಅಲ್ಲಂತ ನನಗ ಗೊತ್ತೈತಿ. ಈ ಒಂದ ಸಲ ದೊಡ್ಡವರಾಗ್ರಿ. ನುಂಗಿಕೊಳ್ರಿ."

ನುಂಗಿಕೊಂಡೆ. ಜನ್ಮದಲ್ಲಿ ಮೊದಲ ಸಲ. ಮರುದಿನ ಬೆಳಗ್ಗೆ ಉರಿ ಹೆಚ್ಚಾಗಿತ್ತು, ನಾನು ಏನೂ ಅನ್ನಲಿಲ್ಲ. ವಿಚಿತ್ರವೆಂದರೆ ಸೋನಾಬಾಯಿಯೂ ಏನೂ ಅನ್ನಲಿಲ್ಲ. ಹಿಟ್ಟು ಬಂತು, ಡಬ್ಬಿ ಕೊಡು, ಇಷ್ಟರಲ್ಲೇ ದಿನಗಳು ಕಳೆಯತೊಡಗಿದವು. ಗಲ್ಲಿಯವರಿಗೆ ಖುಷಿಯೋ ಖುಷಿ. ವಿಜಕ್ಕ ತಣ್ಣಗಾಗಿದ್ದಾಳೆ, ಎಲ್ಲ ಸಂಗಣ್ಣನ ಸಹವಾಸ ಎಂದರು. ಮನೆಯಲ್ಲಿ ಗಂಡ ಕೂಡ ಒಂದು ಹಿಡಿ ಅನ್ನ ಹೆಚ್ಚು ಉಂಡರು. ಕುತುಬುದ್ದೀನ ಒಬ್ಬನಿಗೇ ಅದು ಸರಿಬರಲಿಲ್ಲ.

"ಅಕ್ಕಾರ, ನಿಮ್ಮ ಜಗಳ ಇಲ್ದ ನನಗ ಚಾ ಯಾವಾಗ ತರಬೇಕಂತ ತಿಳೀವಲ್ತರಿ" ಎಂದ. ಚಹಾವನ್ನು ನಾವು ಎರಡು ಬೇರೆ ಕಪ್ಪಿನಲ್ಲಿ ಕುಡಿಯುತ್ತಿದ್ದೆವು.

ತಣ್ಣಗಿದ್ದೆ ಎಂದು ಜನ ತಿಳಿದರು. ಒಳಗೆ ನಾನು ಬೇಯುತ್ತಿದ್ದೆ. ಅವಳ ಹೆಸರನ್ನು ಮೊದಲು ಬರೆಸುವಾಗ ನನ್ನ ಮನಸ್ಸಿನಲ್ಲಿ ದೊಡ್ಡಸ್ತನ ಇತ್ತೇ, ಇರಲಿಲ್ಲವೇ ಎಂದು ಹಿಂಡಿ ಕುಟ್ಟುತ್ತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಸಂಗನಬಸವ ನನ್ನ ಹುಣ್ಣಿನ ಮೇಲೆಯೇ ಬೆರಳಿಟ್ಟಿದ್ದ. ದಿನಕ್ಕೊಮ್ಮೆ ಬಂದು, ಅಕ್ಕಾರ ಹ್ಯಾಂಗದೀರಿ, ಎಂದು ಅದನ್ನು ತುಸು ಒತ್ತಿ ಹೋಗುತ್ತಿದ್ದ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಹೊಲ ಇರುವುದು ನಿಡೋಣಿಯಲ್ಲಿ. ಆವತ್ತು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲದಲ್ಲೇ. ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಮೊದಲು ಭೂಮಿಗೆ ಉಣಿಸಿ ಆಮೇಲೆ ನಾವು ಉಣ್ಣುತ್ತೇವೆ. ಇದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಒಬ್ಬರು ಕೂಗುತ್ತ ಬೆಳೆಯ ನಡುವೆ ಚರಗ ಚೆಲ್ಲುತ್ತ ಹೋಗಬೇಕು, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಆ ಕೂಗಿಗೆ ಓಗೊಡಬೇಕು. ಬೇರೆ ಹೊಲಗಳಲ್ಲಿ ಗಂಡಸರು ಮಾಡುತ್ತಾರೆ. ನಮ್ಮಲ್ಲಿ ಅದು ನನ್ನ ಮತ್ತು ಸೋನಾಬಾಯಿಯ ಕೆಲಸ, ಯಾಕೆಂದರೆ ನಮ್ಮ ಮನೆಯ ಗಂಡಸರ ಕೂಗು ಬದುವನ್ನೂ ದಾಟುವುದಿಲ್ಲ. ಪೂಜೆಗೆ ಅವಳು ನಿಲ್ಲುವುದಿಲ್ಲ, ಅವರದು ಬುದ್ಧನ ಮನೆ. ಭೂಮಿಗೆ ಉಣಿಸುವುದಕ್ಕೆ ಯಾವ ದೇವರ ಅಡ್ಡಿ ವಿಜಕ್ಕಾ, ಎಂದು ತಂಬಿಗೆ ಹಿಡಿಯುತ್ತಾಳೆ.

ಈ ವರ್ಷ ನಾನು ಕರೆಯಲಿಲ್ಲ, ಅವಳು ಬರಲಿಲ್ಲ.

ಪೂಜೆ ಆಯಿತು. ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಕಲಸಿದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಜೋಳದ ಸಾಲಿಗೆ ಇಳಿದೆ. ಹಿಂದೆ ಶಿವಯೋಗೆಪ್ಪ ತಂಬಿಗೆ ಹಿಡಿದು ಬಂದರು.

"ಹುಲ್ಲುಲ್ಲಿಗೋ!" ಎಂದು ಕೂಗಿದೆ.

ಹಿಂದಿನಿಂದ ಇವರು ಕೆಮ್ಮಿದ ಹಾಗೆ "ಚಲ್ಲಂಬರಿಗೋ" ಎಂದರು. ಪಕ್ಕದ ಹೊಲದ ಬಸಗೊಂಡಪ್ಪ, "ಯಾಕವ್ವಾ, ತಿಕೋಟಾದಾಕಿ ಬಂದಿಲ್ಲೇನು? ನಿಮ್ಮ ಹೊಲ ಈ ವರ್ಷ ಮೂಕ ಆಗೇತಿ" ಎಂದು ನಕ್ಕ.

ನನಗೆ ಅಳು ಬಂತು. ಅಳುವಿನ ಹಿಂದೆಯೇ, ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಬಂತು. ಅಲ್ಲ, ಹಾಗೆ ಅನ್ನುವುದಕ್ಕೆ ಅವಳಿಗೆ ಎಷ್ಟು ಸೊಕ್ಕು? ಅಂದವಳು ನನ್ನ ಮುಖದ ಮುಂದೆ ಅನ್ನಬೇಕು, ನನ್ನ ಬಾಯಿಂದ ನಾಲ್ಕು ಮಾತು ಕೇಳಬೇಕು. ದೊಡ್ಡವಳಾಗುವುದು ಇನ್ನು ನನ್ನಿಂದ ಆಗದು ಅನ್ನಿಸಿತು.

"ಗಾಡಿ ತಗೀರಿ" ಎಂದೆ ಗಂಡನಿಗೆ.

"ಎಲ್ಲಿಗೆ? ಮಂದಿ ಉಣ್ಣಾಕ ಕುಂತಾರಲ್ಲ!"

"ಉಣ್ಣಲಿ. ನಾ ತಿಕೋಟಾಕ್ಕ ಜಗಳಾಡಾಕ ಹೊಂಟೀನಿ."

ಶಿವಯೋಗೆಪ್ಪ ಎರಡು ಮಾತಾಡದೆ ಬೈಕು ತೆಗೆದರು. ಬುಟ್ಟಿಯನ್ನು ಇಳಿಸುವುದೂ ನೆನಪಾಗದೆ ಸೊಂಟಕ್ಕಿಟ್ಟುಕೊಂಡೇ ಹಿಂದೆ ಕೂತೆ. ಆಮೇಲೆ ಹೇಳಿದರು, ದಾರಿಯುದ್ದಕ್ಕೂ ನಾನು ಹಿಂದೆ ಕೂತು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆನಂತೆ.

ಸೋನಾಬಾಯಿ ಮನೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ನಾನು ಬೈಕಿನಿಂದ ಇಳಿಯುತ್ತಲೇ ಶುರು ಮಾಡಿದೆ.

"ಬಾರಬೇ ಹೊರಗ! ನಿನ್ನ ಹೆಸರ ಬೋರ್ಡಿಗೆ ಹಾಕಿದ್ದು ನನ್ನ ದೊಡ್ಡಸ್ತನ ತೋರಸಾಕೇನ? ಹೊಲಕ್ಕ ಕರದದ್ದು ಮಂದಿಗೆ ತೋರಸಾಕೇನ? ಇಷ್ಟ ವರ್ಷ ನನ್ನ ಜೋಡಿ ಒಂದ ಚಾ ಕುಡದ ಬಾಯಾಗ ಈ ಮಾತ ಹ್ಯಾಂಗ ಬಂತಬೇ ನಿನಗ?"

ಸೋನಾಬಾಯಿ ಕಾಯಿಯ ಮೊರವನ್ನು ದಪ್ಪೆಂದು ಕೆಳಗೆ ಒಗೆದಳು.

"ನಾ ಅಂದೀನಿ? ನೀ ಅಂದದ್ದ ಹೇಳ ಮೊದ್ಲ! ಫೋನಿನಾಗ ಆರ್ಡರ್ ಕೊಡೋ ಮಂದಿಗೆ ರೊಟ್ಟಿ ನಾನ ಬಡೀತೀನ್ರಿ, ಆಕಿ ಬರೇ ಕಸಾ ಹೊಡೀತಾಳ್ರಿ ಅಂತ ಹೇಳಾವ್ರ ಯಾರ? ಈ ವರ್ಷ ಸೋನಾಬಾಯಿ ಚರಗ ಮುಟ್ಟೂದ ಬ್ಯಾಡಂತ ನಮ್ಮ ಭಾವಗೋಳು ಅಂದಾರ, ನಾ ಹ್ಞೂಂ ಅಂದೀನಿ ಅನ್ನಾವ್ರ ಯಾರ? ಕೈ ಸುಟಗೊಂಡ ಬಡದೀನಿ ವಿಜಕ್ಕಾ, ಇದನ್ನ ನೋಡ!" ಎಂದು ಎರಡೂ ಅಂಗೈ ನನ್ನ ಮುಖಕ್ಕೆ ಹಿಡಿದಳು. ಅವಳ ಕಣ್ಣಲ್ಲಿ ಧಾರಾಕಾರ ನೀರು.

"ನಾ ಯಾವಾಗ ಹಂಗಂದೆ? ನನ್ನ ನಾಲಿಗಿ ಸೇದಿ ಹೋಗಲಿ! ಯಾರ ಹೇಳ್ಯಾರ ನಿನಗ?"

"ಸಂಗಣ್ಣ ಹೇಳ್ಯಾನ! ನಿನಗ ಹೇಳಬ್ಯಾಡ ಅಂತ ಕೈ ಮುಗದ ಹೇಳ್ಯಾನ!"

"ನನಗೂ ಅವನ ಹೇಳ್ಯಾನ! ನಿನಗ ಹೇಳಬ್ಯಾಡಂದ!"

ನಾವಿಬ್ಬರೂ ಬಾಯಿ ತೆರೆದುಕೊಂಡೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಆಮೇಲೆ ಸೋನಾಬಾಯಿ ನನ್ನ ಸೊಂಟದ ಬುಟ್ಟಿ ನೋಡಿದಳು.

"ಚರಗಾ ಚೆಲ್ಲಿಲ್ಲೇನ ಇನ್ನಾ?"

"ಯಾರ ಜೋಡಿ ಚೆಲ್ಲಲಿ? ನಿಮ್ಮಣ್ಣಾರು ಕೂಗಂದ್ರ ಕೆಮ್ಮತಾರ."

ಅವಳು ನಕ್ಕಳು. ಅಳುತ್ತಲೇ ನಕ್ಕಳು. ನಾನು ಅವಳ ಸುಟ್ಟ ಅಂಗೈ ಹಿಡಿದುಕೊಂಡು ಗಳಗಳ ಅತ್ತೆ. ನಾಚಿಕೆ ಏನೂ ಆಗಲಿಲ್ಲ. ಅವಳ ಗಂಡ ಭಾಗಪ್ಪನ ದ್ರಾಕ್ಷಿ ತೋಟ ಊರ ಹೊರಗೆ ಅಲ್ಲೇ ಹತ್ತಿರದಲ್ಲಿದೆ. ಹೊತ್ತು ಮುಳುಗುವ ಮುಂಚೆ ಅಲ್ಲಿಗೇ ಹೋದೆವು. ದ್ರಾಕ್ಷಿಯ ಬಳ್ಳಿಗೆ ಸಜ್ಜಿ ಕಡಬು ಉಣಿಸಿದವರು ತಿಕೋಟಾದಲ್ಲಿ ನಾವೇ ಮೊದಲಿಗರಿರಬೇಕು. ನಾನು "ಹುಲ್ಲುಲ್ಲಿಗೋ" ಅನ್ನುತ್ತಲೇ ಹಿಂದಿನಿಂದ ಅವಳು ಓಗೊಟ್ಟ ದನಿಗೆ ಬಳ್ಳಿಯಲ್ಲಿ ಕೂತ ಹಕ್ಕಿಗಳೆಲ್ಲ ಎದ್ದವು. ಭಾಗಪ್ಪ ಕಿವಿ ಮುಚ್ಚಿಕೊಂಡ. ಉಳಿದ ಅಡಿಗೆಯನ್ನು ಎಲ್ಲರೂ ಅಲ್ಲೇ ಕೂತು ಉಂಡೆವು. ಅಷ್ಟು ರುಚಿಯ ಊಟ ನಾನು ಎಷ್ಟೋ ದಿನಗಳಿಂದ ಉಂಡಿರಲಿಲ್ಲ.

ಮರುದಿನ ಇಬ್ಬರೂ ಕೂಡಿಯೇ ಬಾಂಡೆ ಅಂಗಡಿಯ ಮೆಟ್ಟಿಲು ಹತ್ತಿದೆವು. ಸಂಗನಬಸವ ನಮ್ಮಿಬ್ಬರನ್ನೂ ನೋಡಿದ. ಏನಾಗಿದೆ ಎಂದು ಅವನಿಗೆ ತಿಳಿಯಲು ಹೊತ್ತೇನೂ ಹಿಡಿಯಲಿಲ್ಲ. ತಕ್ಷಣ ಕಣ್ಣಲ್ಲಿ ನೀರು ತಂದುಕೊಂಡ.

"ಅಕ್ಕಾರ, ನಾ ಹಂಗ ಅಂದಿಲ್ರಿ. ನೀವಿಬ್ಬರೂ ತಪ್ಪ ತಿಳಕೊಂಡೀರಿ. ನಮ್ಮವ್ವನ ಆಣಿ ಮಾಡಿ ಹೇಳ್ತೀನಿ."

"ಯಾವ ಅವ್ವ?" ಎಂದೆ. "ಕೌದಿ ಮ್ಯಾಲ ರೊಟ್ಟಿ ಬಡದು ಸತ್ತ ಅವ್ವನೋ, ಬಬಲೇಶ್ವರದಾಗ ಉಂಡಿ ಕಟ್ಟಾಕತ್ತ ಅವ್ವನೋ?"

ನಲ್ಲಿ ಬಂದ್ ಮಾಡಿದ ಹಾಗೆ ಅವನ ಅಳು ನಿಂತಿತು. ಮುಖ ಒರೆಸಿಕೊಳ್ಳಲೂ ಇಲ್ಲ. ತಲೆ ಓರೆ ಮಾಡಿ ನಮ್ಮನ್ನು ನೋಡಿ ಮುಗುಳ್ನಕ್ಕ. ಆ ನಗೆಯಲ್ಲಿ ಸಿಟ್ಟು ಇರಲಿಲ್ಲ, ಸಿಕ್ಕಿಬಿದ್ದ ಅಳುಕೂ ಇರಲಿಲ್ಲ.

"ಯಾಕ ಮಾಡಿದಿ ತಮ್ಮಾ? ನಮ್ಮ ಜಾಗ ಬೇಕಾಗಿತ್ತೇನ ನಿನಗ?" ಎಂದು ಸೋನಾಬಾಯಿ ಕೇಳಿದಳು. ಅವಳ ದನಿ ಬಹಳ ಸಣ್ಣದಾಗಿತ್ತು.

"ನಿಮ್ಮ ಜಾಗ ತಗೊಂಡ ನಾ ಏನ ಮಾಡ್ಲಿರಿ? ಸುಮ್ನ ನೋಡಿದ್ನಿರಿ. ನೀವಿಬ್ಬರೂ ದಿನಾ ಅಷ್ಟ ಜಗಳಾಡಿ ಮತ್ತ ಕೂಡತಿದ್ರಿ. ಜಗಳ ಬಂದ್ ಮಾಡಿಸಿದ್ರ ಏನಾಗ್ತೈತಿ ಅಂತ ನೋಡಬೇಕನಿಸ್ತು." ಇಷ್ಟು ಹೇಳಿ ನಮ್ಮ ಹಿಂದೆ ಬಂದ ಗಿರಾಕಿಯ ಕಡೆ ತಿರುಗಿದ. "ಬರ್ರಿ ಮಾಮಾರ, ಮೊಣಕಾಲ ಹ್ಯಾಂಗೈತ್ರಿ ಈಗ?"

ಬೈಯಲು ಹೋದ ನನಗೆ ಹೆದರಿಕೆಯಾಯಿತು. ನನಗೆ ಕೆಟ್ಟವರು ಗೊತ್ತು. ಹೊಟ್ಟೆಕಿಚ್ಚಿನವರು, ಆಸೆಬುರುಕರು, ಕುಡುಕರು, ಎಲ್ಲರನ್ನೂ ಕಂಡಿದ್ದೇನೆ, ಅವರಿಗೆ ಬೈದರೆ ಎಲ್ಲೋ ಒಂದು ಕಡೆ ನಾಟುತ್ತದೆ. ಇವನಲ್ಲಿ ನಾಟುವುದಕ್ಕೆ ಜಾಗವೇ ಇರಲಿಲ್ಲ. ಸೋನಾಬಾಯಿ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಅವಳ ಮಗಳು ವಿಶಾಖಾ ತೊರವಿಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಸಂಜೆ ಬಂದವಳಿಗೆ ಎಲ್ಲ ಹೇಳಿದೆವು. ಅವಳು ಬಹಳ ಹೊತ್ತು ಕೇಳಿದಳು, ನಡುನಡುವೆ ಒಂದೆರಡು ಪ್ರಶ್ನೆ ಹಾಕಿದಳು.

"ಇದನ್ನ ಕೇಳಿದ್ರ ನಮ್ಮ ಪುಸ್ತಕದಾಗಿನ ಸೈಕೋಪಾತ್ ನೆನಪಾಗ್ತಾನ. ಸೈಕೋಪಾತ್ ಅಂದ್ರ ಸಿನಿಮಾದಾಗ ಕೊಲಿ ಮಾಡಾವ್ರು ಅಂತ ತಿಳೀತೀರಲ್ಲ ಮಾವಶಿ, ಹಂಗೇನಿಲ್ಲ. ಮಂದಿ ದುಃಖ ಇವರಿಗೆ ತಿಳೀತೈತಿ, ಆದ್ರ ತಟ್ಟೂದಿಲ್ಲ. ತಪ್ಪ ಮಾಡೀನಿ ಅನಿಸೂದಿಲ್ಲ. ಅಂಥಾ ಗುಣ ಇದ್ದಾವ್ರು ಆಫೀಸಿನಾಗ, ಬೀಗರ ಮನ್ಯಾಗ, ಎಲ್ಲಾ ಕಡೆ ಇರ್ತಾರ. ಹಂಗಂತ ಇಂವಾ ಅದ ಅಂತ ನಾ ಹೇಳಾಕ ಬರೂದಿಲ್ಲ. ಹೆಸರಿಡೂದು ಡಾಕ್ಟರ ಕೆಲಸ."

"ಹೆಸರ ನನಗ ಬ್ಯಾಡ. ಏನ ಮಾಡಬೇಕ ಹೇಳ."

"ಸುಧಾರಸಾಕ ಹೋಗಬ್ಯಾಡ್ರಿ. ದೂರ ಇರ್ರಿ."

ದೂರ ಇರು ಎಂದರೆ ಎಲ್ಲಿಗೆ ಹೋಗಲಿ? ಅವನ ಅಂಗಡಿಯ ಬಾಗಿಲು ನನ್ನ ಒಲೆಗೆ ನೇರ ಎದುರಿಗಿದೆ. ಗಲ್ಲಿಯವರಿಗೆ ಹೇಳಿದರೆ ಅರ್ಧ ಮಂದಿ ನಂಬಲಿಲ್ಲ. ಅಂಥ ಒಳ್ಳೆಯ ಹುಡುಗನ ಮೇಲೆ ಮತ್ತೆ ಶುರುವಾಯಿತು ಇವಳ ಬಾಯಿ ಎಂದರು. ಅನ್ನಲಿ. ಕುತುಬುದ್ದೀನ ಮಾತ್ರ ತನ್ನ ಪಾದ ನೋಡಿಕೊಂಡು ತಲೆಯಾಡಿಸಿದ.

ಈಗ ಬೆಳಗಿನ ಜಗಳ ಮತ್ತೆ ಶುರುವಾಗಿದೆ, ಮೊದಲಿಗಿಂತ ಜೋರಾಗಿಯೇ. ನಿನ್ನೆ ಬೆಳ್ಳುಳ್ಳಿಗಾಗಿ ಆಡಿದ ಜಗಳವನ್ನು ನೋಡಲು ಚೌಕದಿಂದ ಇಬ್ಬರು ಆಟೋದವರು ಬಂದಿದ್ದರು. ಚಹಾ ಮತ್ತೆ ಬಸಿ ಮತ್ತು ಕಪ್ಪಿಗೆ ಬಂದಿದೆ. ನನ್ನ ಗಂಡನ ಹಿಡಿ ಅನ್ನ ಕಡಿಮೆಯಾಗಿದೆ, ಆಗಲಿ, ಅವರಿಗೆ ಹೊಟ್ಟೆಯೂ ಬಂದಿತ್ತು.

ಮೊನ್ನೆ, ಏನೂ ನಡೆದೇ ಇಲ್ಲವೆನ್ನುವ ಹಾಗೆ, ಸಂಗನಬಸವ ನಮ್ಮ ಅಂಗಡಿಗೆ ಬಂದ. ಅದೇ ನಗೆ. ಕೈಯಲ್ಲಿ ನನಗೆಂದು ಒಂದು ಹೊಸ ಸ್ಟೀಲ್ ಡಬ್ಬಿ. ಸೋನಾಬಾಯಿ ಒಳಗೆ ಹೆಂಚಿನ ಮುಂದೆ ಇದ್ದಳು. ಅವನು ಅತ್ತ ಒಮ್ಮೆ ನೋಡಿ, ಸ್ಟೂಲು ಎಳೆದುಕೊಂಡು ನನ್ನ ಹತ್ತಿರ ಕೂತು ದನಿ ತಗ್ಗಿಸಿದ.

"ಅಕ್ಕಾರ, ಆದದ್ದ ಆಗಿ ಹೋತು. ನಿಮ್ಮ ಮ್ಯಾಲಿನ ಪ್ರೀತಿಗೆ ಒಂದ ಮಾತ ಹೇಳ್ತೀನ್ರಿ. ಸೋನಾಬಾಯಿಗೆ ಮಾತ್ರ ಹೇಳಬ್ಯಾಡ್ರಿ..."

ನಾನು ಒರಳಿನ ಹಾರೆ ಕೆಳಗಿಟ್ಟೆ, ಸೆರಗು ಸಿಕ್ಕಿಸಿದೆ, ದೇವರು ಕೊಟ್ಟ ಗಂಟಲನ್ನೆಲ್ಲ ಬಿಚ್ಚಿ ಗಲ್ಲಿಗೆ ಕೇಳುವ ಹಾಗೆ ಕೂಗಿದೆ.

"ಸೋನಾಬಾಯೀ! ರೊಟ್ಟಿ ಇಳಿಸಿ ಬಾರಬೇ ಲಗೂನ! ನಿನಗ ಹೇಳಬಾರದ್ದೊಂದ ಮಾತ ಐತಂತ, ಸಂಗಣ್ಣ ಹೇಳಾಕ ಬಂದಾನ!"

"ಬಂದ್ನಿ ತಡಿಯಬೇ!" ಎಂದು ಒಳಗಿನಿಂದ ಅವಳು ಅಷ್ಟೇ ಜೋರಾಗಿ ಓಗೊಟ್ಟಳು. ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕದಲ್ಲಿ ನಿಂತಳು. "ಹ್ಞೂಂ, ಹೇಳ ತಮ್ಮಾ" ಎಂದಳು.